ಪ್ರೊವೈಡರ್ ಲೈಬ್ರರಿಯ ವರ್ಶನ್ ಹೊಂದಾಣಿಕೆಯನ್ನು ಎಲ್ಲಿ ಬರೆದಿಡಬೇಕು?

ಇಎಫ್ ಕೋರ್ ಅಂದರೆ ಡಾಟ್‌ನೆಟ್ ಕೋಡ್‌ನಿಂದ ಡೇಟಾಬೇಸ್ ಜೊತೆ ಮಾತಾಡಲು ಮೈಕ್ರೋಸಾಫ್ಟ್ ಕೊಡುವ ಫ್ರೇಮ್‌ವರ್ಕ್. ಅದನ್ನು ಒಂದೊಂದು ಡೇಟಾಬೇಸಿಗೆ ಜೋಡಿಸುವ ಲೈಬ್ರರಿಯೇ ಪ್ರೊವೈಡರ್. ಇಎಫ್ ಕೋರ್ 9ಕ್ಕೆ ಏರಿಸಿದ ಪ್ರಾಜೆಕ್ಟ್‌ನಲ್ಲಿ ಮೈಎಸ್‌ಕ್ಯೂಎಲ್‌ಗೆ ಬಳಸುವ ಪೊಮೆಲೊ ಪ್ರೊವೈಡರ್ ಮಾತ್ರ 8ರಲ್ಲೇ ಉಳಿದಿದೆ ಅಂತ ಇಟ್ಟುಕೊಳ್ಳಿ. ಕೋಡ್ ಕಂಪೈಲ್ ಆಗುತ್ತದೆ. ಹಳದಿ ಬಣ್ಣದ ಒಂದು ಎಚ್ಚರಿಕೆ ಬರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಆಮೇಲೆ ಮೈಗ್ರೇಶನ್ (ಡೇಟಾಬೇಸಿನ ಟೇಬಲ್‌ಗಳನ್ನು ಕೋಡ್‌ಗೆ ತಕ್ಕಂತೆ ಬದಲಿಸುವ ಕೆಲಸ) ಓಡಿಸಿದರೆ ‘ಗೆಟ್ ಲಾಕ್ ರಿಲೀಸ್ ಬಿಹೇವಿಯರ್’ ಅನ್ನುವ ಮೆಥಡ್‌ಗೆ ಇಂಪ್ಲಿಮೆಂಟೇಶನ್ ಇಲ್ಲ ಎಂದು ಟೈಪ್ ಲೋಡ್ ಎಕ್ಸೆಪ್ಶನ್ ಬಂದು ಕೆಲಸ ನಿಲ್ಲುತ್ತದೆ. ‘ನಿನ್ನ ಎರಡು ಪ್ಯಾಕೇಜ್‌ಗಳ ವರ್ಶನ್ ಹೊಂದುತ್ತಿಲ್ಲ ಕಣಪ್ಪ’ ಅಂತ ಆ ಸಂದೇಶ ಎಲ್ಲೂ ಹೇಳುವುದಿಲ್ಲ.

ತಮಾಷೆ ಅಂದರೆ, ಪೊಮೆಲೊದವರು ಈ ವಿಷಯ ಬರೆದೇ ಇಟ್ಟಿದ್ದಾರೆ. ಅವರ ರೀಡ್‌ಮಿಯಲ್ಲಿ, ಅಂದರೆ ಲೈಬ್ರರಿಯ ಪರಿಚಯ ಹೇಳುವ ಫೈಲ್‌ನಲ್ಲಿ, ಅಚ್ಚುಕಟ್ಟಾದ ಪಟ್ಟಿ ಇದೆ. ಬರೆದದ್ದು ಒಂದು ಕಡೆ, ಪೆಟ್ಟು ತಿನ್ನುವವನು ಇನ್ನೊಂದು ಕಡೆ. ಹಾಗಾಗಿ ಹೊಂದಾಣಿಕೆಯ ಮಾಹಿತಿಯನ್ನು ಎಲ್ಲೆಲ್ಲಿ ಬರೆಯಬಹುದು, ಯಾವುದು ಯಾರ ಕಣ್ಣಿಗೆ ಬೀಳುತ್ತದೆ, ಯಾವುದಕ್ಕೆ ಎಷ್ಟು ಕೆಲಸ ಹಿಡಿಯುತ್ತದೆ ಅನ್ನುವುದನ್ನು ಇಲ್ಲಿ ಹೋಲಿಸಿದ್ದೇನೆ.

ಇದು ದೊಡ್ಡ ಕಂಪನಿಯವರಿಗಲ್ಲ. ಹಾಸನ, ಚಿಕ್ಕಮಗಳೂರಿನಲ್ಲಿ ನಮ್ಮಂಥ ಸಣ್ಣ ತಂಡಗಳು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ, ಹಾಲಿನ ಸೊಸೈಟಿಗೆ, ಅರಸೀಕೆರೆಯ ಕೊಬ್ಬರಿ ಮಂಡಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತವೆ. ಸೊನ್ನೆಯಿಂದ ಡೇಟಾಬೇಸ್ ಪ್ರೊವೈಡರ್ ಬರೆಯುವವರು ಕಡಿಮೆ. ಆದರೆ ಇರುವ ಪ್ರೊವೈಡರ್ ಮೇಲೆ ತಮ್ಮದೇ ಒಂದು ಪದರ ಕಟ್ಟಿ, ಅದನ್ನು ಪ್ಯಾಕೇಜ್ ಮಾಡಿ, ಎಲ್ಲ ಗ್ರಾಹಕರ ಪ್ರಾಜೆಕ್ಟಿಗೂ ಹಾಕುವವರು ಬೇಕಾದಷ್ಟು ಜನ. ಆ ಪದರಕ್ಕೂ ಇದೇ ತಲೆನೋವು. ಒಂದು ಕಡೆ ಹೊಸ ಪೋಸ್ಟ್‌ಗ್ರೆಸ್, ಇನ್ನೊಂದು ಕಡೆ ಹತ್ತು ವರ್ಷ ಹಳೆಯ ಎಸ್‌ಕ್ಯೂಎಲ್ ಸರ್ವರ್. ಅದನ್ನು ನೋಡಿಕೊಳ್ಳಲು ಅಂತಲೇ ಯಾರೂ ಇರುವುದಿಲ್ಲ. ಎಸ್ಟೇಟಿನ ರೈಟರ್ ಫೋನ್ ಮಾಡಿದಾಗ ಲ್ಯಾಪ್‌ಟಾಪ್ ಹಿಡಿದು ಮೂಡಿಗೆರೆಗೋ ಸಕಲೇಶಪುರಕ್ಕೋ ಹೊರಡುವ ಹುಡುಗನೇ ನಿಮ್ಮ ಓದುಗ.

ಹೊಂದಬೇಕಾದದ್ದು ಎರಡಲ್ಲ, ನಾಲ್ಕು

ಹೊಂದಾಣಿಕೆ ಅಂದ ಕೂಡಲೇ ಪ್ರೊವೈಡರ್ ಮತ್ತು ಫ್ರೇಮ್‌ವರ್ಕ್ ಜೋಡಿಯಷ್ಟೇ ನೆನಪಾಗುತ್ತದೆ. ಅವುಗಳ ಕೆಳಗೆ ಕೋಡ್ ಓಡಿಸುವ ರನ್‌ಟೈಮ್ ಇದೆ, ಸರ್ವರ್ ಜೊತೆ ನೇರ ಮಾತಾಡುವ ಡ್ರೈವರ್ ಇದೆ, ಕೊನೆಗೆ ಡೇಟಾಬೇಸ್ ಸರ್ವರ್ ಇದೆ. ಪ್ರೊವೈಡರ್ ಈ ನಾಲ್ಕರ ಜೊತೆಗೂ ಹೊಂದಬೇಕು.

ಫ್ರೇಮ್‌ವರ್ಕ್ ಮತ್ತು ರನ್‌ಟೈಮ್ ನಂಬರು ಒಂದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಎಫ್ ಕೋರ್ ಮಟ್ಟಿಗೆ ಅದು ಅರ್ಧ ನಿಜ:

| ಇಎಫ್ ಕೋರ್ | ಬಂದದ್ದು | ಕನಿಷ್ಠ ಬೇಕಾದದ್ದು |
|---|---|---|
| 3.1 | ಡಿಸೆಂಬರ್ 2019 | ಡಾಟ್‌ನೆಟ್ ಸ್ಟ್ಯಾಂಡರ್ಡ್ 2.0 |
| 5.0 | ನವೆಂಬರ್ 2020 | ಡಾಟ್‌ನೆಟ್ ಸ್ಟ್ಯಾಂಡರ್ಡ್ 2.1 |
| 6.0 | ನವೆಂಬರ್ 2021 | ಡಾಟ್‌ನೆಟ್ 6 |
| 7.0 | ನವೆಂಬರ್ 2022 | ಡಾಟ್‌ನೆಟ್ 6 |
| 8.0 | ನವೆಂಬರ್ 2023 | ಡಾಟ್‌ನೆಟ್ 8 |
| 9.0 | ನವೆಂಬರ್ 2024 | ಡಾಟ್‌ನೆಟ್ 8 |
| 10.0 | ನವೆಂಬರ್ 2025 | ಡಾಟ್‌ನೆಟ್ 10 |

7 ಮತ್ತು 9 ನೋಡಿ. ಎರಡೂ ಹಿಂದಿನ ರನ್‌ಟೈಮ್ ಮೇಲೇ ಓಡುತ್ತವೆ. 2019ರ ಸೆಪ್ಟೆಂಬರಿನಲ್ಲಿ ಬಂದ 3.0ಗೆ ಸ್ಟ್ಯಾಂಡರ್ಡ್ 2.1 ಬೇಕಿತ್ತು. ಮೂರೇ ತಿಂಗಳಲ್ಲಿ 3.1 ಬಂದು ಮತ್ತೆ 2.0ಕ್ಕೆ ಇಳಿಯಿತು. ಸ್ಟ್ಯಾಂಡರ್ಡ್ 2.1 ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ ನಡೆಯುವುದಿಲ್ಲ. ಅದನ್ನು ಹಿಡಿದು ಕೂತವರು 3.1ರಲ್ಲೇ ನಿಂತಿರುವುದಕ್ಕೆ ಇದೇ ಕಾರಣ. ಇಎಫ್ ಕೋರ್ 4 ಅನ್ನುವುದು ಬರಲೇ ಇಲ್ಲ.

ಡ್ರೈವರ್ ಬದಲಾದರೆ ಏಟು ಬೇರೆ ರೀತಿ. ಇಎಫ್ ಕೋರ್ 7 ಜೊತೆ ಬಂದ ಎಸ್‌ಕ್ಯೂಎಲ್ ಸರ್ವರ್ ಡ್ರೈವರ್‌ನಲ್ಲಿ ಕನೆಕ್ಷನ್ ಎನ್‌ಕ್ರಿಪ್ಟ್ ಮಾಡುವುದು ತಾನಾಗಿಯೇ ಆನ್ ಆಗಿರುತ್ತದೆ. ಸರ್ವರ್‌ನಲ್ಲಿ ಸರಿಯಾದ ಸರ್ಟಿಫಿಕೇಟ್ ಇಲ್ಲದಿದ್ದರೆ ಕನೆಕ್ಷನ್ನೇ ಆಗುವುದಿಲ್ಲ. ಊರ ಕಡೆಯ ಎಷ್ಟು ಸರ್ವರ್‌ಗಳಲ್ಲಿ ಸರ್ಟಿಫಿಕೇಟ್ ಸರಿಯಾಗಿರುತ್ತದೆ ಹೇಳಿ? ಪೋಸ್ಟ್‌ಗ್ರೆಸ್ ಕಡೆ ಎನ್‌ಪಿಜಿಎಸ್‌ಕ್ಯೂಎಲ್ ಅನ್ನುವ ಡ್ರೈವರ್‌ನ 6 ಬಂದಾಗ ದಿನಾಂಕ ಮತ್ತು ವೇಳೆಯ ಲೆಕ್ಕವೇ ಬದಲಾಯಿತು. ಟೈಮ್ ಝೋನ್ ಇರುವ ಕಾಲಂಗೆ ಯುಟಿಸಿ ಅಲ್ಲದ ವೇಳೆ ಕೊಟ್ಟರೆ ಎಕ್ಸೆಪ್ಶನ್ ಬರುತ್ತದೆ. ಎರಡು ಕಡೆಯೂ ಫ್ರೇಮ್‌ವರ್ಕ್ ನಂಬರು ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ.

ಸರ್ವರ್ ವಿಷಯ ಇನ್ನೂ ನಾಜೂಕು. ಇಎಫ್ ಕೋರ್ 8ರಲ್ಲಿ ‘ಈ ಪಟ್ಟಿಯಲ್ಲಿ ಇದೆಯಾ’ ಅಂತ ಕೇಳುವ ಕ್ವೆರಿ ಎಸ್‌ಕ್ಯೂಎಲ್ ಸರ್ವರ್‌ನ ಓಪನ್ ಜೇಸನ್ ಅನ್ನುವ ಫಂಕ್ಷನ್ ಬಳಸಲು ಶುರು ಮಾಡಿತು. ಅದು ಓಡಬೇಕಾದರೆ ಡೇಟಾಬೇಸಿನ ಕಂಪ್ಯಾಟಿಬಿಲಿಟಿ ಲೆವೆಲ್ 130 ಇರಬೇಕು, ಅಂದರೆ ಎಸ್‌ಕ್ಯೂಎಲ್ ಸರ್ವರ್ 2016ರ ಮಟ್ಟ. ‘ನಮ್ಮಲ್ಲಿ 2019 ಇದೆ, ತೊಂದರೆ ಇಲ್ಲ’ ಅನ್ನಬೇಡಿ. ಹಳೆಯ 2012ರ ಮೆಷಿನ್‌ನಿಂದ ಬ್ಯಾಕಪ್ ತಂದು 2019ಕ್ಕೆ ರಿಸ್ಟೋರ್ ಮಾಡಿದರೆ ಲೆವೆಲ್ 110ರಲ್ಲೇ ಉಳಿಯುತ್ತದೆ. ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಇದು ಸಾಮಾನ್ಯ. ಸರ್ವರ್ ಸತ್ತಾಗ ಹೊಸದು ತರುತ್ತಾರೆ, ಡೇಟಾ ಹಾಗೇ ತಂದು ಸುರಿಯುತ್ತಾರೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ‘ಎಸ್‌ಕ್ಯೂಎಲ್ ಸರ್ವರ್ 2016ರಿಂದ ಮೇಲೆ’ ಅಂತ ಬರೆದರೆ ಸಾಲದು, ಲೆವೆಲ್ ಎಷ್ಟು ಬೇಕು ಅಂತಲೂ ಬರೆಯಿರಿ.

ದಾರಿ ಒಂದು: ನಂಬರಿನಲ್ಲೇ ಹೇಳಿಬಿಡುವುದು

ನಿಮ್ಮ ಲೈಬ್ರರಿಯ ಮೊದಲ ಅಂಕಿ ಫ್ರೇಮ್‌ವರ್ಕ್‌ನ ಮೊದಲ ಅಂಕಿಯೇ ಆಗಿರಲಿ ಅನ್ನುವ ಪದ್ಧತಿ ಇದು. ಎನ್‌ಪಿಜಿಎಸ್‌ಕ್ಯೂಎಲ್‌ನ ಇಎಫ್ ಕೋರ್ ಪ್ರೊವೈಡರ್ ಮತ್ತು ಪೊಮೆಲೊ ಹೀಗೇ ನಡೆಯುತ್ತವೆ. ಗೋಣಿಚೀಲದ ಮೇಲೆ ಹೊಡೆದ ಮಾರ್ಕಿನ ಹಾಗೆ, ಸರಕು ಎಲ್ಲಿ ಹೋದರೂ ನಂಬರು ಜೊತೆಗೇ ಹೋಗುತ್ತದೆ. ಬೇರೆ ಪುಟ ತೆರೆಯಬೇಕಾಗಿಲ್ಲ.

ಎಷ್ಟು ಅಂಕಿ ಹೊಂದಿಸಬೇಕು ಅನ್ನುವುದು ಫ್ರೇಮ್‌ವರ್ಕ್ ಮೇಲೆ ನಿಂತಿದೆ. ಇಎಫ್ ಕೋರ್‌ಗೆ ಒಂದು ಅಂಕಿ ಸಾಕು. ಮೈಕ್ರೋಸಾಫ್ಟ್ ದಾಖಲೆಯೇ ಹೇಳುವ ಪ್ರಕಾರ, ಪ್ರೊವೈಡರ್‌ಗಳು ಮೈನರ್ ವರ್ಶನ್ ದಾಟಿ ನಡೆಯುತ್ತವೆ, ಮೇಜರ್ ದಾಟಿ ನಡೆಯುವುದಿಲ್ಲ. ರೂಬಿ ಭಾಷೆಯ ಫ್ರೇಮ್‌ವರ್ಕ್ ಆದ ರೇಲ್ಸ್‌ನಲ್ಲಿ 7.0ಗೂ 7.1ಗೂ ನಡುವೆ ಒಳಗಿನ ಬದಲಾವಣೆ ಜಾಸ್ತಿ. ಹಾಗಾಗಿ ಅದರ ಎಸ್‌ಕ್ಯೂಎಲ್ ಸರ್ವರ್ ಅಡಾಪ್ಟರ್ ಎರಡು ಅಂಕಿಯನ್ನೂ ಹೊಂದಿಸುತ್ತದೆ. ಒರಾಕಲ್‌ನವರು ಜಾಣರು. ಅವರ ಪ್ರೊವೈಡರ್ 8.21 ಅಂದರೆ ಇಎಫ್ ಕೋರ್ 8, ಒರಾಕಲ್ 21ರ ಸಾಲು. 9.23 ಅಂದರೆ ಇಎಫ್ ಕೋರ್ 9, ಒರಾಕಲ್ 23ರ ಸಾಲು. ಒಂದೇ ನಂಬರಲ್ಲಿ ಎರಡು ಸುದ್ದಿ.

ಈ ದಾರಿ ಕೆಟ್ಟರೆ ಹೇಗಿರುತ್ತದೆ ಅನ್ನುವುದಕ್ಕೆ ಮೈಎಸ್‌ಕ್ಯೂಎಲ್‌ನವರ ಹಳೆಯ ಅಧಿಕೃತ ಪ್ಯಾಕೇಜ್ ನೋಡಬೇಕು. ಅದರ ನಂಬರು ಮೈಎಸ್‌ಕ್ಯೂಎಲ್ ಸರ್ವರ್‌ನ ನಂಬರನ್ನು ಹಿಡಿದಿತ್ತು. 8.0.22 ಬಂದದ್ದು 2020ರಲ್ಲಿ, ಇಎಫ್ ಕೋರ್ 3.1ರ ಕಾಲಕ್ಕೆ. ಇಎಫ್ ಕೋರ್ 8 ಹುಟ್ಟಲು ಇನ್ನೂ ಮೂರು ವರ್ಷ ಇತ್ತು! ಈಗ ಹೊಸಬರು ನೋಡಿದರೆ ಎರಡೂ 8, ಸರಿಯಾಗಿದೆ ಅಂದುಕೊಳ್ಳುತ್ತಾರೆ. ಆಮೇಲೆ ಅವರು ಪ್ಯಾಕೇಜ್ ಹೆಸರು ಬದಲಿಸಿ, ಇಎಫ್ ಕೋರ್ ನಂಬರಿಗೆ ಬಂದರು.

ಕಷ್ಟ ಒಂದಿದೆ. ಮೊದಲ ಅಂಕಿಯನ್ನು ಫ್ರೇಮ್‌ವರ್ಕ್‌ಗೆ ಬರೆದುಕೊಟ್ಟ ಮೇಲೆ ನಿಮ್ಮದೇ ದೊಡ್ಡ ಬದಲಾವಣೆಯನ್ನು ತೋರಿಸಲು ಅಂಕಿ ಉಳಿಯುವುದಿಲ್ಲ. ಒಂದು ಮೆಥಡ್ ತೆಗೆದುಹಾಕಬೇಕಾದರೆ ಮುಂದಿನ ನವೆಂಬರ್‌ವರೆಗೆ ಕಾಯಬೇಕು. ನಮ್ಮಂಥ ಒಳಬಳಕೆಯ ಪದರಕ್ಕೆ ಇದು ದೊಡ್ಡ ನಷ್ಟವಲ್ಲ.

ದಾರಿ ಎರಡು: ಪ್ಯಾಕೇಜಿನ ಒಳಗೇ ಮಿತಿ ಹಾಕುವುದು

ನನ್ನ ಪ್ರಕಾರ ಬೇರೆ ಏನೇ ಬಿಟ್ಟರೂ ಇದನ್ನು ಬಿಡಬಾರದು. ಯಾಕೆಂದರೆ ಇದನ್ನು ಮನುಷ್ಯ ಓದದಿದ್ದರೂ ಮೆಷಿನ್ ಓದುತ್ತದೆ.

ಡಾಟ್‌ನೆಟ್ ಪ್ಯಾಕೇಜ್‌ಗಳನ್ನು ತಂದುಕೊಡುವ ನ್ಯೂಗೆಟ್‌ನಲ್ಲಿ ಸುಮ್ನೆ 8.0.0 ಅಂತ ಬರೆದರೆ ‘8.0.0 ಅಥವಾ ಅದಕ್ಕಿಂತ ಮೇಲಿನದು ಯಾವುದಾದರೂ’ ಅಂತ ಅರ್ಥ. 9 ಬಂದರೂ ಬಾಗಿಲು ತೆರೆದೇ ಇರುತ್ತದೆ. ಮೇಲಿನ ಮಿತಿ ಬೇಕಾದರೆ [8.0.0, 9.0.0) ಅಂತ ಬರೆಯಬೇಕು. ಚೌಕ ಕಂಸ ಇದ್ದರೆ ಆ ನಂಬರು ಸೇರುತ್ತದೆ, ದುಂಡು ಕಂಸ ಇದ್ದರೆ ಸೇರುವುದಿಲ್ಲ. ಇಲ್ಲೂ ಒಂದು ಸಣ್ಣ ಕಿಂಡಿ ಇದೆ. 9.0.0ರ ಪ್ರಿವ್ಯೂಗಳು ಲೆಕ್ಕದ ಪ್ರಕಾರ 9.0.0ಗಿಂತ ಚಿಕ್ಕವು. ಹಾಗಾಗಿ ಅವು ಈ ಮಿತಿಯೊಳಗೆ ನುಸುಳುತ್ತವೆ. ಪೊಮೆಲೊ 8 ಮೇಲಿನ ಮಿತಿಯನ್ನು 8.0.999 ಅಂತ ಬರೆಯುತ್ತದೆ. ನೋಡಲು ವಿಚಿತ್ರ, ಆದರೆ ಆ ಕಿಂಡಿ ಮುಚ್ಚುತ್ತದೆ.

ಹಾಗಾದರೆ ಶುರುವಿನಲ್ಲಿ ಹೇಳಿದ ಎಡವಟ್ಟು ಹೇಗಾಯಿತು? ಪ್ರಾಜೆಕ್ಟ್‌ನವರೇ ನೇರವಾಗಿ ಇಎಫ್ ಕೋರ್ 9 ಬೇಕು ಅಂತ ಬರೆದಿದ್ದರೆ ನ್ಯೂಗೆಟ್ ಅವರ ಮಾತು ಕೇಳುತ್ತದೆ. ‘ಎನ್‌ಯು 1608’ ಅನ್ನುವ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಆ ಹಳದಿ ಸಾಲು ಅದೇ. ಹಾಗಾಗಿ ಮಿತಿ ಹಾಕಿದವರು ಇನ್ನೊಂದು ಕೆಲಸವನ್ನೂ ಮಾಡಬೇಕು: ಗ್ರಾಹಕರ ಪ್ರಾಜೆಕ್ಟ್‌ಗಳಲ್ಲಿ ಈ ಒಂದು ಎಚ್ಚರಿಕೆಯನ್ನು ಎರರ್ ಆಗಿ ಬದಲಿಸಿಡಿ. ಎಲ್ಲ ಎಚ್ಚರಿಕೆಗಳನ್ನೂ ಎರರ್ ಮಾಡಲು ಹೋದರೆ ತಂಡದಲ್ಲಿ ಜಗಳ ಆಗುತ್ತದೆ. ಇದೊಂದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ.

ಒಂದೇ ಪ್ಯಾಕೇಜ್‌ನಲ್ಲಿ ಹಲವು ಫ್ರೇಮ್‌ವರ್ಕ್ ವರ್ಶನ್ ಹಿಡಿಯಬಹುದಾ? ಇಎಫ್ ಕೋರ್ 8 ಮತ್ತು 10 ಆದರೆ ಹೌದು. ಡಾಟ್‌ನೆಟ್ 8ಕ್ಕೆ ಒಂದು ಮಿತಿ, ಡಾಟ್‌ನೆಟ್ 10ಕ್ಕೆ ಇನ್ನೊಂದು ಅಂತ ಪ್ಯಾಕೇಜ್ ಒಳಗೇ ಬೇರೆ ಮಾಡಬಹುದು. 8 ಮತ್ತು 9ಕ್ಕೆ ಆಗುವುದಿಲ್ಲ. ಎರಡರ ಕನಿಷ್ಠ ರನ್‌ಟೈಮೂ ಡಾಟ್‌ನೆಟ್ 8. ನ್ಯೂಗೆಟ್ ಆಯ್ಕೆ ಮಾಡುವುದು ರನ್‌ಟೈಮ್ ನೋಡಿ, ಇಎಫ್ ವರ್ಶನ್ ನೋಡಿ ಅಲ್ಲ. ಅಲ್ಲಿ ಎರಡು ಪ್ರತ್ಯೇಕ ಸಾಲು ಇಟ್ಟುಕೊಳ್ಳಲೇಬೇಕು. ಮೇಲಿನ ಪಟ್ಟಿಯನ್ನು ಅಷ್ಟು ಉದ್ದ ಬರೆದದ್ದು ಇದಕ್ಕೇ.

ಪ್ಯಾಕೇಜ್ ಮಿತಿಗೆ ಸರ್ವರ್ ಕಾಣುವುದಿಲ್ಲ. ಕಂಪ್ಯಾಟಿಬಿಲಿಟಿ ಲೆವೆಲ್ 110 ಇದೆ ಅಂತ ನ್ಯೂಗೆಟ್‌ಗೆ ಹೇಗೆ ಗೊತ್ತಾಗಬೇಕು?

ದಾರಿ ಮೂರು: ರೀಡ್‌ಮಿಯಲ್ಲಿ ಪಟ್ಟಿ

ಎಲ್ಲರೂ ಮೊದಲು ಮಾಡುವುದು ಇದನ್ನೇ. ಬರೆಯಲು ಸುಲಭ, ಓದಲು ಸುಲಭ. ನಾಲ್ಕೂ ವಿಷಯ ಒಂದೇ ಸಾಲಿನಲ್ಲಿ ಹಿಡಿಯುತ್ತದೆ.

ಆದರೆ ರೀಡ್‌ಮಿ ಎರಡು ಇವೆ, ಅದನ್ನು ಜನ ಮರೆಯುತ್ತಾರೆ. ಕೋಡ್ ಇಟ್ಟಿರುವ ರೆಪಾಸಿಟರಿಯ ರೀಡ್‌ಮಿ ಯಾವಾಗಲೂ ಇವತ್ತಿನ ಸ್ಥಿತಿ ಹೇಳುತ್ತದೆ. ಎರಡು ವರ್ಷ ಹಳೆಯ ವರ್ಶನ್ ಹಾಕಿಕೊಂಡವನು ಅಲ್ಲಿ ಬಂದು ನೋಡಿದರೆ ಅವನ ಸಾಲೇ ಇರದೆ ಹೋಗಬಹುದು. ಪ್ಯಾಕೇಜ್ ಒಳಗೆ ಸೇರಿಸಿದ ರೀಡ್‌ಮಿ ಆ ವರ್ಶನ್ ಬಿಟ್ಟ ದಿನದ ಸ್ಥಿತಿ ಹೇಳುತ್ತದೆ. ಆಮೇಲೆ ಅದನ್ನು ತಿದ್ದಲು ಬರುವುದಿಲ್ಲ, ಹೊಸ ವರ್ಶನ್ ಬಿಡಬೇಕು.

ನಮ್ಮ ಕಡೆಗೆ ಎರಡನೆಯದೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಮಳೆಗಾಲದಲ್ಲಿ ಕೊಪ್ಪ, ಮೂಡಿಗೆರೆ ಕಡೆ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ. ಎಸ್ಟೇಟ್ ಆಫೀಸಿನಲ್ಲಿ ಕೂತು ವೆಬ್ ಪುಟ ತೆರೆಯಲು ಆಗುವುದಿಲ್ಲ. ಪ್ಯಾಕೇಜ್ ಒಳಗಿನ ರೀಡ್‌ಮಿ ಲ್ಯಾಪ್‌ಟಾಪ್‌ನ ನ್ಯೂಗೆಟ್ ಫೋಲ್ಡರ್‌ನಲ್ಲೇ ಕೂತಿರುತ್ತದೆ. ಎರಡನ್ನೂ ಇಡಿ. ಪ್ಯಾಕೇಜ್ ಒಳಗಿನದರಲ್ಲಿ ಆ ವರ್ಶನ್‌ನ ಒಂದೇ ಸಾಲು ಸಾಕು, ಇತಿಹಾಸ ಬೇಡ.

ಪಟ್ಟಿಯಲ್ಲಿ ಏನು ಬರೆಯಬೇಕು ಅನ್ನುವುದರಲ್ಲಿ ನನಗೆ ಸ್ವಲ್ಪ ಹಟ ಇದೆ. ‘ಇಎಫ್ ಕೋರ್ 8+’ ಅಂತ ಪ್ಲಸ್ ಗುರುತು ಹಾಕಬೇಡಿ. ಇನ್ನೂ ಹುಟ್ಟದ ವರ್ಶನ್‌ಗೆ ಈಗಲೇ ಗ್ಯಾರಂಟಿ ಕೊಟ್ಟ ಹಾಗಾಗುತ್ತದೆ. ಸರಿ ಗುರುತು, ತಪ್ಪು ಗುರುತು ಎರಡೇ ಇಟ್ಟರೂ ಸಾಲದು. ಮೂರು ಮಾತು ಬೇಕು: ‘ಪರೀಕ್ಷಿಸಿದ್ದೇವೆ’, ‘ನಡೆಯಬಹುದು, ಪರೀಕ್ಷಿಸಿಲ್ಲ’, ‘ನಡೆಯುವುದಿಲ್ಲ’. ಖಾಲಿ ಮನೆ ಬಿಟ್ಟರೆ ಓದುವವನು ತನಗೆ ಅನುಕೂಲವಾದ ಅರ್ಥ ಮಾಡಿಕೊಳ್ಳುತ್ತಾನೆ. ‘ನಡೆಯುವುದಿಲ್ಲ’ ಅಂದ ಕಡೆ ಬರುವ ಎರರ್‌ನ ಸಾಲನ್ನು ಇದ್ದ ಹಾಗೇ ಕೆಳಗೆ ಅಂಟಿಸಿ. ಕಷ್ಟದಲ್ಲಿರುವವನು ಹುಡುಕುವುದು ಎರರ್ ಸಂದೇಶವನ್ನು. ‘ಹೊಂದಾಣಿಕೆ’ ಅಂತ ಯಾರೂ ಹುಡುಕುವುದಿಲ್ಲ ಅಲ್ವಾ.

ದಾರಿ ನಾಲ್ಕು: ಪ್ರತ್ಯೇಕ ದಾಖಲೆ ಪುಟ

ಮಾಂಗೊಡಿಬಿ ಡೇಟಾಬೇಸಿನವರು ಪ್ರತಿ ಭಾಷೆಯ ಡ್ರೈವರ್‌ಗೂ ಒಂದೊಂದು ಹೊಂದಾಣಿಕೆ ಪುಟ ಇಟ್ಟಿದ್ದಾರೆ. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜಾಂಗೊದಲ್ಲಿ ಪ್ರತಿ ವರ್ಶನ್‌ಗೂ ಬೇರೆ ಬೇರೆ ದಾಖಲೆ ಇರುತ್ತದೆ, ಯಾವ ಡೇಟಾಬೇಸ್ ಎಲ್ಲಿಂದ ಮೇಲೆ ಅಂತ ಅದರಲ್ಲೇ ಸಿಗುತ್ತದೆ. ಓದುಗರು ಸಾವಿರಾರು ಇದ್ದಾಗ, ಬರೆಯಲು ಜನ ಇದ್ದಾಗ ಇದು ಒಳ್ಳೆಯದೇ. ನಾಲ್ಕು ಜನರ ತಂಡಕ್ಕೆ ಬೇಡ. ಆರು ತಿಂಗಳಲ್ಲಿ ಹಳಸುತ್ತದೆ.

ದಾರಿ ಐದು: ಓಡುವಾಗಲೇ ಕೇಳಿ ನೋಡುವುದು

ಜಾಂಗೊ 4.2ರಿಂದ ಮೈಎಸ್‌ಕ್ಯೂಎಲ್ 5.7ಕ್ಕೆ ಬೆಂಬಲ ಇಲ್ಲ. ಅದು ಬಿಡುಗಡೆ ಟಿಪ್ಪಣಿಯಲ್ಲೂ ಇದೆ. ಆದರೆ ಟಿಪ್ಪಣಿ ಓದದವನಿಗೂ ಗೊತ್ತಾಗುತ್ತದೆ. ಕನೆಕ್ಟ್ ಮಾಡಿದ ಕೂಡಲೇ ‘ಮೈಎಸ್‌ಕ್ಯೂಎಲ್ 8 ಅಥವಾ ಅದಕ್ಕಿಂತ ಮೇಲಿನದು ಬೇಕು, ಇಲ್ಲಿ ಸಿಕ್ಕಿದ್ದು 5.7’ ಅನ್ನುವ ಅರ್ಥದ ಎರರ್ ಬರುತ್ತದೆ. ಏನು ಬೇಕಿತ್ತು, ಏನು ಸಿಕ್ಕಿತು, ಎರಡೂ ಒಂದೇ ಸಾಲಿನಲ್ಲಿ. ಗೆಟ್ ಲಾಕ್ ರಿಲೀಸ್ ಬಿಹೇವಿಯರ್ ಜೊತೆ ಹೋಲಿಸಿ ನೋಡಿ.

ಸರ್ವರ್ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಿಮ್ಮ ಪದರ ಮೊದಲ ಸಲ ಕನೆಕ್ಟ್ ಆದಾಗ ಸರ್ವರ್ ವರ್ಶನ್, ಕಂಪ್ಯಾಟಿಬಿಲಿಟಿ ಲೆವೆಲ್ ಎರಡನ್ನೂ ಕೇಳಿಕೊಳ್ಳಲಿ. ಬರೆಯಬೇಕಾದ ಕೋಡ್ ಇಪ್ಪತ್ತು ಸಾಲು ದಾಟುವುದಿಲ್ಲ. ನಡೆಯುವುದೇ ಇಲ್ಲ ಅನ್ನುವಾಗ ಮಾತ್ರ ನಿಲ್ಲಿಸಿ. ಪರೀಕ್ಷಿಸಿಲ್ಲ ಅನ್ನುವ ವರ್ಶನ್ ಆದರೆ ಲಾಗ್‌ನಲ್ಲಿ ಒಂದು ಸಾಲು ಬರೆದು ಬಿಟ್ಟುಬಿಡಿ. ಲಾರಿ ತೂಕಕ್ಕೆ ನಿಂತಿರುವಾಗ ‘ನಿಮ್ಮ ಪೋಸ್ಟ್‌ಗ್ರೆಸ್ ತೀರಾ ಹೊಸದು’ ಅಂತ ಪ್ರೋಗ್ರಾಂ ಬಾಗಿಲು ಹಾಕಿಕೊಂಡರೆ ಬೈಗುಳ ನಿಮಗೇ.

ದಾರಿ ಆರು: ಟೆಸ್ಟ್‌ನಿಂದಲೇ ಪಟ್ಟಿ ಹುಟ್ಟಿಸುವುದು

ಮೇಲಿನ ಯಾವ ಪಟ್ಟಿಯಾದರೂ ಸುಳ್ಳಾಗುವುದು ಕೈಯಿಂದ ತಿದ್ದುವಾಗ. ಸಿಐಯಲ್ಲಿ (ಕೋಡ್ ಬದಲಾದಾಗಲೆಲ್ಲ ತಾನಾಗಿಯೇ ಟೆಸ್ಟ್ ಓಡಿಸುವ ವ್ಯವಸ್ಥೆ) ಎಲ್ಲ ಜೋಡಿಗಳಿಗೂ ಟೆಸ್ಟ್ ಓಡಿಸಿ, ಪಾಸಾದದ್ದನ್ನು ಮಾತ್ರ ಪಟ್ಟಿಗೆ ಬರೆಸಿದರೆ ಆ ಚಿಂತೆ ಇಲ್ಲ. ಲೆಕ್ಕ ಮಾತ್ರ ಬೇಗ ಬೆಳೆಯುತ್ತದೆ. ಮೂರು ಇಎಫ್ ವರ್ಶನ್, ಮೂರು ಸರ್ವರ್, ಎರಡು ಆಪರೇಟಿಂಗ್ ಸಿಸ್ಟಮ್ ಅಂದರೆ ಹದಿನೆಂಟು ಸುತ್ತು. ಅಂಥ ಸೇವೆಯಾದ ಗಿಟ್‌ಹಬ್ ಆಕ್ಷನ್ಸ್ ಒಂದು ಮ್ಯಾಟ್ರಿಕ್ಸ್‌ಗೆ (ಇಂಥ ಜೋಡಿಗಳ ಒಂದು ಪಟ್ಟಿಗೆ) 256 ಜಾಬ್‌ವರೆಗೆ ಬಿಡುತ್ತದೆ, ಆದರೆ ನಿಮಿಷದ ಬಿಲ್ ಕಟ್ಟುವವರು ನೀವು. ಗ್ರಾಹಕರ ಹತ್ತಿರ ನಿಜಕ್ಕೂ ಇರುವ ಜೋಡಿಗಳನ್ನಷ್ಟೇ ಓಡಿಸಿ. ಉಳಿದದ್ದಕ್ಕೆ ‘ಪರೀಕ್ಷಿಸಿಲ್ಲ’ ಅನ್ನುವ ಮಾತು ಇದ್ದೇ ಇದೆ.

ಯಾರಿಗೆ ಯಾವುದು

ಒಬ್ಬರೋ ಇಬ್ಬರೋ ಇರುವ ತಂಡ, ಒಂದೇ ಡೇಟಾಬೇಸ್: ನಂಬರು ಹೊಂದಿಸಿ, ಮಿತಿ ಹಾಕಿ. ಒಂದು ಮಧ್ಯಾಹ್ನದ ಕೆಲಸ. ಅಲ್ಲಿಗೇ ನಿಲ್ಲಿಸಬಹುದು.

ಗ್ರಾಹಕರ ಹತ್ತಿರ ತರಹೇವಾರಿ ಸರ್ವರ್ ಇದ್ದರೆ ಓಡುವಾಗಿನ ತಪಾಸಣೆ ಸೇರಿಸಿ. ಆಮೇಲೆ ಪ್ಯಾಕೇಜ್ ಒಳಗಿನ ರೀಡ್‌ಮಿ. ಈ ಕ್ರಮದಲ್ಲೇ ಮಾಡಿ. ರೀಡ್‌ಮಿ ಮೊದಲು ಬರೆದು ತಪಾಸಣೆ ‘ಆಮೇಲೆ’ ಅಂದವರು ಆಮೇಲೆ ಮಾಡುವುದಿಲ್ಲ.

ಮಲೆನಾಡು ಇಂಜಿನಿಯರಿಂಗ್ ಕಾಲೇಜು ಅಥವಾ ಚಿಕ್ಕಮಗಳೂರಿನ ಎಐಟಿಯ ಹುಡುಗರು ಪ್ರಾಜೆಕ್ಟ್‌ಗೆ ಅಂತ ಪ್ರೊವೈಡರ್ ಬರೆದು ಹೊರಗೆ ಬಿಡುವುದಾದರೆ ಟೆಸ್ಟ್ ಮ್ಯಾಟ್ರಿಕ್ಸ್‌ನಿಂದ ಶುರು ಮಾಡಲಿ. ಓಪನ್ ಸೋರ್ಸ್ ರೆಪಾಸಿಟರಿಗೆ ನಿಮಿಷದ ಬಿಲ್ ಚಿಂತೆ ಇಲ್ಲ. ಕಲಿಯುವುದೂ ಅಲ್ಲೇ ಜಾಸ್ತಿ.

ಬೆಂಬಲ ಮುಗಿಯುವ ದಿನಾಂಕವನ್ನು ಪಟ್ಟಿಯಲ್ಲಿ ಇನ್ನೊಂದು ಕಾಲಂ ಮಾಡಿ. ಡಾಟ್‌ನೆಟ್ 8 ಮತ್ತು 9 ಎರಡಕ್ಕೂ ಬೆಂಬಲ ನಿಲ್ಲುವುದು 2026ರ ನವೆಂಬರ್ 10ಕ್ಕೆ. ಅದು ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತು. ಅದು ಮುಗಿಯುವಷ್ಟರಲ್ಲಿ ರೋಬಸ್ಟಾ ಹಿಡಿಯುತ್ತದೆ. ಕ್ಯೂರಿಂಗ್‌ನವರಾಗಲಿ ಎಸ್ಟೇಟ್‌ನವರಾಗಲಿ ಆಗ ಸಿಸ್ಟಮ್ ಮುಟ್ಟಲು ಬಿಡುವುದಿಲ್ಲ. ಹಾಗಾಗಿ ಗ್ರಾಹಕರಿಗೆ ಕೊಡುವ ಪಟ್ಟಿಯಲ್ಲಿ ‘ಅಪ್‌ಗ್ರೇಡ್ ಕೊನೆಯ ತಿಂಗಳು: ಸೆಪ್ಟೆಂಬರ್’ ಅಂತಲೇ ಬರೆಯಿರಿ. ಡಾಟ್‌ನೆಟ್ 10ಕ್ಕೆ 2028ರ ನವೆಂಬರ್‌ವರೆಗೆ ಸಮಯ ಇದೆ, ನೇರ ಅಲ್ಲಿಗೇ ಹೋಗುವುದು ಒಳ್ಳೆಯದು. ನಿಮ್ಮ ಪ್ರೊವೈಡರ್ ಅಲ್ಲಿಗೆ ಬಂದಿದೆಯಾ ನೋಡಿಕೊಂಡು ಹೊರಡಿ. ಇಎಫ್ ಕೋರ್ 9 ಬಂದ ಮೇಲೆ ಪೊಮೆಲೊದ ಸ್ಥಿರ 9ಕ್ಕೆ ತಿಂಗಳುಗಟ್ಟಲೆ ಕಾಯಬೇಕಾಯಿತು.

ಬೆಂಬಲ ಮುಗಿದ ಸಾಲನ್ನು ಮಾತ್ರ ಅಳಿಸಬೇಡಿ. ‘ಬೆಂಬಲ ಮುಗಿದಿದೆ’ ಅಂತ ಗುರುತು ಹಾಕಿ ಕೆಳಗೆ ಸರಿಸಿ. ಇಎಫ್ ಕೋರ್ 3.1ರಲ್ಲಿ ಓಡುವ ಲೆಕ್ಕದ ಸಾಫ್ಟ್‌ವೇರ್ ಬೇಲೂರು ರಸ್ತೆಯಲ್ಲೋ ಕಡೂರಿನಲ್ಲೋ ಇನ್ನೂ ಇರುತ್ತದೆ. ಅದನ್ನು ಮೇಲೆತ್ತಲು ಹೋಗುವವನಿಗೆ ಮೊದಲು ಬೇಕಾಗುವುದು ಆ ಹಳೆಯ ಸಾಲೇ.